ಅವ್ವ ಹೇಳಿದ ನಿನ್ನ ಬಾಲ್ಯ

ಬ್ಯಾಡಗಿ
ತಾ. ೧೧-೨-೧೯೯೪

ಚಿ. ನಲಿನಿಗೆ ಅವ್ವನ ಆಶೀರ್ವಾದ.

ಮೆಣಸಿನಕಾಯಿ ಘಾಟಿಗೆ ಕೆಮ್ಮುವುದೊಂದು ಬಿಟ್ಟರೆ ಇಲ್ಲಿ ನಾವೆಲ್ಲ ಸುಖವಾಗಿದ್ದೇವೆ. ನಿನ್ನ ಮೂರೂ ಪತ್ರಗಳು ಮುಟ್ಟಿವೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಮನೆ ತುಂಬ ಗುತ್ತಲದ ನೆಂಟರು, ನನ್ನ ಮೊಣಕಾಲು ನೋವು ಎಂದು ನೆವ ಹೇಳಬಹುದು. ಖರೇ ಹೇಳಬೇಕೆಂದರೆ ಬರೆಯುವ ಮನಸ್ಸೇ ಇರಲಿಲ್ಲ. ಮೂರರಲ್ಲೂ ನೀನು ಕೇಳಿದ್ದು ಒಂದೇ ಮಾತು, ಡಾಕ್ಟರ್ ಬಾಯಾರ ಮುಂದೆ ಏನು ಹೇಳಿ ಬಂದೆ ಅವ್ವಾ ಎಂದು. ಮೂರನೆಯದಕ್ಕೆ ಅಂಚೆಚೀಟಿ ಹಚ್ಚುವುದನ್ನೇ ಮರೆತಿದ್ದೀ. ಪೋಸ್ಟಮನ್ನನಿಗೆ ದಂಡ ಕೊಟ್ಟು ಬಿಡಿಸಿಕೊಂಡೆ. ನಾಳೆ ರೋಗಿಯ ಹೊಟ್ಟೆ ಕೊಯ್ದು ಹೊಲಿಗೆ ಹಾಕುವುದನ್ನು ಮರೆಯುವವಳೂ ನೀನೇ.

ನಿನ್ನ ಅಪ್ಪ ಹಾವೇರಿಯ ಕಚೇರಿಯಿಂದ ಬಂದವರು ನಿನ್ನ ಪತ್ರ ಹಿಡಿದು ಕೂತರೆ ಚಹಾ ಆರಿಹೋಗುತ್ತದೆ. ಪಾಪ ಹುಡುಗಿ, ಪಾಪ ಹುಡುಗಿ ಎನ್ನುತ್ತಾರೆ. ಪಾಪ ಎಂದವರಿಂದ ಯಾರಾದರೂ ಡಾಕ್ಟರಾದದ್ದುಂಟೇ?

ಇರಲಿ, ಕೇಳಿದ್ದೀಯಲ್ಲ, ಹೇಳುತ್ತೇನೆ. ನಿಮ್ಮ ಹುಬ್ಬಳ್ಳಿ ಕಾಲೇಜಿನ ಮಹಮೂದಾಬೇಗಂ ಬಾಯಾರು ತಿಂಗಳಿಗೊಮ್ಮೆ ರಾಣೆಬೆನ್ನೂರಿಗೆ ರೋಗಿಗಳನ್ನು ನೋಡಲು ಬರುತ್ತಾರಷ್ಟೆ. ಅಲ್ಲಿಗೆ ಬಂದು ಭೆಟ್ಟಿಯಾಗಿರಿ ಎಂದು ಹೇಳಿ ಕಳಿಸಿದ್ದರು. ನಿನ್ನ ದೊಡ್ಡವ್ವ ಕಾಶೀಬಾಯಿಯನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಮನೋರೋಗದ ಡಾಕ್ಟರು ಎಂಬ ಬೋರ್ಡಿನ ಕೆಳಗೆ ಒಬ್ಬಳೇ ಕೂರಲು ನನಗೇನು ಹುಚ್ಚೇ? ಪರಿಚಯದವರು ಕಂಡರೆ ಅಕ್ಕನಿಗೆ ನಿದ್ದೆ ಬರುವುದಿಲ್ಲ ಎಂದು ಹೇಳುವುದೆಂದು ನಿಶ್ಚಯಿಸಿಕೊಂಡಿದ್ದೆ.

ಬಾಯಾರು ಒಳ್ಳೆಯವರೇ. ಎದ್ದು ನಿಂತು ಮಾತಾಡಿಸಿದರು, ಚಹಾ ತರಿಸಿದರು. ಇವತ್ತು ಒಪ್ಪತ್ತು ಎಂದು ಹೇಳಿ ನಾನು ಮುಟ್ಟಲಿಲ್ಲ. ನಿನ್ನನ್ನು ಬಹಳ ಹೊಗಳಿದರು. ರೋಗ ಕಂಡುಹಿಡಿಯುವುದರಲ್ಲಿ ನಿನ್ನಷ್ಟು ಚುರುಕಿನವರು ಆ ತರಗತಿಯಲ್ಲೇ ಇಲ್ಲವಂತೆ. ಆದರೆ ಯಾವ ಕೆಲಸವೂ ಕೊನೆ ಮುಟ್ಟುವುದಿಲ್ಲವಂತೆ. ವಾರ್ಡಿನ ಒಬ್ಬ ಮುದುಕಿಯ ರಕ್ತ ತೆಗೆದು, ಪರೀಕ್ಷೆಗೆ ಕಳಿಸದೆ ಕೋಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆಯಂತೆ. ಅದಕ್ಕೇ ಅಲ್ಲವೇ ನಿಮ್ಮ ದೊಡ್ಡ ಡಾಕ್ಟರು ವಾರ್ಡಿನಿಂದ ಹೊರಗೆ ಹಾಕಿದ್ದು? ಇದು ಹುಚ್ಚೂ ಅಲ್ಲ, ಸೋಮಾರಿತನವೂ ಅಲ್ಲ, ಲಕ್ಷ್ಯ ಒಂದು ಕಡೆ ನಿಲ್ಲದ ತೊಂದರೆ ಎಂದು ಬಾಯಾರು ತಿಳಿಸಿ ಹೇಳಿದರು. ಪ್ರಿನ್ಸಿಪಾಲರಿಗೆ ತಾವೇ ಬರೆಯುತ್ತಾರಂತೆ. ಪರೀಕ್ಷೆಗೆ ಬೇರೆ ಕೋಣೆ, ಸ್ವಲ್ಪ ಹೆಚ್ಚು ವೇಳೆ, ವಾರ್ಡಿನಲ್ಲಿ ನೀನು ಮಾಡಿದ್ದನ್ನು ಮತ್ತೊಮ್ಮೆ ನೋಡಲು ಒಬ್ಬ ಹಿರಿಯ ಡಾಕ್ಟರು. ಅಷ್ಟಾದರೆ ನೀನು ಪಾಸಾಗುತ್ತೀ ಎಂದು ಅವರಿಗೆ ಭರವಸೆ.

ಆಮೇಲೆ ಪೆನ್ನು ತೆಗೆದುಕೊಂಡು ಹೇಳಿದರು: "ಇದು ದೊಡ್ಡಾಕಿ ಆದಮ್ಯಾಲೆ ಬರೂದಲ್ಲರಿ. ಸಣ್ಣಾಕಿ ಇದ್ದಾಗಿಂದನ ಇರಬೇಕು. ಅದನ್ನ ಹೇಳಾಕ ತಾಯಿ ಬಿಟ್ರ ಯಾರದಾರ?"

ಒಂದೊಂದಾಗಿ ಕೇಳಿದರು. ನಾನು ಹೇಗೆ ಉತ್ತರ ಕೊಟ್ಟೆ ಗೊತ್ತೇನು? ಕನ್ಯೆ ನೋಡಲು ಬಂದವರಿಗೆ ಕೊಡುತ್ತೇವಲ್ಲ, ಹಾಗೆ. ಅಡುಗೆ ಬರುತ್ತದೆಯೇ ಎಂದರೆ ಹೋಳಿಗೆ ಕೂಡ ಮಾಡುತ್ತಾಳೆ, ಹಾಡು ಬರುತ್ತದೆಯೇ ಎಂದರೆ ನಾಚಿಕೆ, ಇಲ್ಲವಾದರೆ ಹಾಡುತ್ತಿದ್ದಳು, ಹೀಗೆ. ಸಾಮಾನು ಕಳೆಯುತ್ತಿದ್ದಳೇ ಎಂದು ಕೇಳಿದರು. ನೀನು ಕಳೆದ ಪಾಟಿಗಳಲ್ಲಿ ಒಂದು ಶಾಲೆಯನ್ನೇ ನಡೆಸಬಹುದಿತ್ತು. ಮೊದಲನೆಯ ಪಾಟಿ ಇನ್ನೂ ಅಟ್ಟದ ಮೇಲೆ ಜೋಪಾನವಾಗಿದೆ ಎಂದೆ. ಒಂದು ಕಡೆ ಕೂರುತ್ತಿದ್ದಳೇ ಎಂದರು. ಒಂದನೇ ಇಯತ್ತೆಯಲ್ಲಿ ಶಾಲೆಯ ಕಿಟಕಿ ಹಾರಿ, ಕರಡಿ ಆಡಿಸುವವನ ಬೆನ್ನು ಹತ್ತಿ ಮೋಟೆಬೆನ್ನೂರಿನವರೆಗೆ ಹೋಗಿದ್ದವಳು ನೀನು. ಕೂತರೆ ನಾನು ಎಬ್ಬಿಸುವ ತನಕ ಏಳುತ್ತಿರಲಿಲ್ಲ ಎಂದೆ. ಹೇಳಿದ ಮಾತು ಕೇಳಿಸುತ್ತಿತ್ತೇ ಎಂದರು. ಒಂದೇ ಸಲಕ್ಕೆ ಎಂದೆ.

ಕಾಶಕ್ಕ ತಲೆ ಬಗ್ಗಿಸಿ ನೆಲ ನೋಡುತ್ತ ಕೂತಿದ್ದಳು. ಬಾಯಾರು ಪೆನ್ನು ಕೆಳಗಿಟ್ಟರು.

"ಇಂದಿರಾಬಾಯಾರ, ವಿಚಾರ ಮಾಡಿ ಹೇಳ್ರಿ. ನಾ ಕನ್ಯಾ ನೋಡಾಕ ಬಂದಾಕಿ ಅಲ್ಲ. ನೀವು ಹಿಂಗಂದ್ರ ನನ್ನ ಕೈ ಕಟ್ಟಿದಂಗಾಕ್ಕೈತಿ."

ಮಗಳ ಬಗ್ಗೆ ಸುಳ್ಳು ಹೇಳುವ ತಾಯಿ ಎಲ್ಲಾದರೂ ಇರುತ್ತಾಳೇನ್ರಿ ಎಂದು ನಾನೇ ತಿರುಗಿ ಕೇಳಿದೆ. ಅವರು ಮತ್ತೆ ಪೆನ್ನು ತೆಗೆದುಕೊಂಡು ನಾನು ಹೇಳಿದ್ದನ್ನೇ ಬರೆದುಕೊಂಡರು.

ಮುಂದಿನದು ನಿನಗೂ ಗೊತ್ತು. ಬಾಲ್ಯದಲ್ಲಿ ಯಾವ ಲಕ್ಷಣವೂ ಇರಲಿಲ್ಲ ಎಂದ ಮೇಲೆ ಬಾಯಾರು ಬರೆಯುವಂತಿಲ್ಲ, ಬಾಯಾರು ಬರೆಯದಿದ್ದರೆ ಪ್ರಿನ್ಸಿಪಾಲರು ಒಪ್ಪುವಂತಿಲ್ಲ. ಬರುವ ಪರೀಕ್ಷೆಗೆ ಕೂರಿಸುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ ಎಂದು ಕಾಲೇಜಿನಿಂದ ಬರೆದಿದ್ದಾರೆ. ಅದನ್ನು ಓದಿ ನಿನ್ನ ಅಪ್ಪ ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹುಬ್ಬಳ್ಳಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬರುತ್ತೇನೆ ಎಂದು ಹೊರಟರು. "ಹೋಗ್ರಿ, ನನ್ನ ಹೇಣ್ತಿ ಸುಳ್ಳುಬುರುಕಿ ಅಂತ ನಾಕು ಮಂದ್ಯಾಗ ಹೇಳಿ ಬರ್ರಿ. ತಿರುಗಿ ಬಂದಾಗ ನಾ ಈ ಮನ್ಯಾಗ ಇರೂದಿಲ್ಲ" ಎಂದೆ. ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಒಳಗೆ ಬಂದರು. ಅವರ ಮೇಲೆ ಆಸೆ ಇಟ್ಟುಕೊಳ್ಳಬೇಡ.

ಅವ್ವ ಹೊಟ್ಟೆ ಉರಿಸಿದಳು ಎಂದು ಅಳಬೇಡ. ತಲೆ ಸರಿಯಿಲ್ಲ ಎಂದು ಒಂದು ಕಾಗದ ಹುಟ್ಟಿದರೆ ಊರಿಗೆಲ್ಲ ಗೊತ್ತಾಗಲು ಎಷ್ಟು ಹೊತ್ತು? ಆಮೇಲೆ ನಿನ್ನ ಕೊರಳಿಗೆ ತಾಳಿ ಕಟ್ಟುವವರು ಯಾರು? ಹಾವೇರಿಯ ಒಂದು ಮನೆತನದವರು ಕೇಳಿದ್ದಾರೆ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಓದು ಯಾಕೆ ಬಿಟ್ಟಳು ಎಂದರೆ ರಕ್ತ ಕಂಡರೆ ಹುಡುಗಿಗೆ ತಲೆ ತಿರುಗುತ್ತದೆ ಎಂದು ಹೇಳಿದ್ದೇನೆ. ನೀನೂ ಹಾಗೇ ಹೇಳು. ರವಿವಾರ ನಿನ್ನ ಅಪ್ಪ ಬರುತ್ತಾರೆ, ಟ್ರಂಕು ತುಂಬಿಟ್ಟುಕೊಂಡಿರು. ಅರ್ಧ ಸಾಮಾನು ಹಾಸ್ಟೆಲಿನಲ್ಲೇ ಬಿಟ್ಟು ಬರಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಒಳ್ಳೆಯ ಬುದ್ಧಿಯನ್ನೂ ಒಳ್ಳೆಯ ಮನೆಯನ್ನೂ ಕೊಡಲಿ.

ನಿನ್ನ ಅವ್ವ,
ಇಂದಿರಾಬಾಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಅವ್ವನಿಗೆ ತಿಳಿಯಲಿಲ್ಲ, ವರನ ಕಡೆಯವರಿಗೆ ಹೇಳಿದ ಹಾಗೆ ಹೇಳಿಬಿಟ್ಟಳು ಎಂದು ನೀನು ನನ್ನನ್ನು ಕ್ಷಮಿಸಿಬಿಡುತ್ತೀ. ಅದು ನನಗೆ ಬೇಡ. ನನಗೆ ಎಲ್ಲ ತಿಳಿದಿತ್ತು. ಬಾಯಾರು ಒಂದೊಂದು ಪ್ರಶ್ನೆ ಕೇಳುವಾಗಲೂ ನನಗೆ ಕಂಡದ್ದು ನೀನಲ್ಲ, ನಾನು. ಕೊನೆಗೆ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದೂ ಕೇಳಿದರು. ಯಾರಿಗೂ ಇಲ್ಲ ಎಂದೆ. ತಿರುಗಿ ಬರುವಾಗ ಕಾಶಕ್ಕ ಬಸ್ಸಿನಲ್ಲಿ ಸೆರಗು ಬಾಯಿಗೆ ಹಿಡಿದು ಅತ್ತಳು.

ನಾನು ಒಂದು ಕಡೆ ಕೂರಲೆಂದು ನಿನ್ನ ಅಜ್ಜ ನನ್ನ ಜಡೆಯನ್ನು ಕಿಟಕಿಯ ಸರಳಿಗೆ ಕಟ್ಟಿ ಓದಿಸುತ್ತಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಎರಡು ಸಲ ನಪಾಸಾದೆ. ಈ ಕತ್ತೆಗೆ ಓದು ಯಾಕೆ ಎಂದು ಶಾಲೆ ಬಿಡಿಸಿ, ಹದಿನೈದಕ್ಕೆ ಮದುವೆ ಮಾಡಿದರು. ನಾನು ನರ್ಸ್ ಆಗಬೇಕೆಂದಿದ್ದೆ. ಅದನ್ನು ನಾನು ಯಾರ ಮುಂದೂ ಹೇಳಿಲ್ಲ. ನನಗೆ ಯಾರೂ ಬೇರೆ ಕೋಣೆ ಕೊಡಲಿಲ್ಲ, ಹೆಚ್ಚು ವೇಳೆ ಕೊಡಲಿಲ್ಲ, ಇದು ಸೋಮಾರಿತನವಲ್ಲ ಎಂದು ಒಬ್ಬರೂ ಹೇಳಲಿಲ್ಲ. ನಿನಗೆ ಎದ್ದು ನಿಂತು ಹೇಳುವವರು ಸಿಕ್ಕರು. ತನಗೆ ಸಿಗದಿದ್ದರೇನು, ಮಗಳಿಗಾದರೂ ಸಿಕ್ಕಿತಲ್ಲ ಎಂದು ಹಿಗ್ಗುವ ತಾಯಂದಿರು ಇರುತ್ತಾರಂತೆ. ಆ ಕುರ್ಚಿಯ ಮೇಲೆ ಕೂತು ನಾನೂ ಹಿಗ್ಗಲು ನೋಡಿದೆ. ನನ್ನಿಂದ ಆಗಲಿಲ್ಲ.