ರಂಪಣಿಗೆ ಬಿದ್ದ ಗಡಿಯಾರಗಳು

ಹೊನ್ನಾವರ
ತಾ. ೧೪-೧೧-೧೯೬೪

ಪ್ರೀತಿಯ ತಮ್ಮ ಕುಪ್ಪನಿಗೆ,

ಅಕ್ಕ ಗಂಗೆ ಬೇಡುವ ಆಯುರಾರೋಗ್ಯ. ನಿನ್ನ ಕೆಮ್ಮು ಹೇಗಿದೆ? ಮುಂಬಯಿಯ ಆ ಗಾಳಿಯಿಲ್ಲದ ಖೋಲಿಯಲ್ಲಿ ಅದು ಹೋಗುವುದೂ ಕಷ್ಟವೇ. ಇಲ್ಲಿ ಅಪ್ಪನ ಮೊಣಕಾಲು ನೋವು ಬಿಟ್ಟರೆ ಎಲ್ಲರೂ ಕ್ಷೇಮ. ನಿನ್ನ ಹೆಂಡತಿ ಕಮಲಿಯೂ ಗಟ್ಟಿಯಾಗಿದ್ದಾಳೆ. ನಾಲ್ಕು ವರ್ಷ ಗಂಡನ ಮುಖ ಕಾಣದವಳು ಎಷ್ಟು ಗಟ್ಟಿ ಇರಬಹುದೋ ಅಷ್ಟು.

ಇನ್ನು ಸುದ್ದಿ. ಸೋಮವಾರ ಬೆಳಿಗ್ಗೆ ಅಪ್ಸರಕೊಂಡದ ಕೆಳಗೆ ರಂಪಣಿ ಬಲೆ ಎಳೆದೆವು. ಬಂಗಡೆ ಒಳ್ಳೆಯದೇ ಬಂತು. ಜೊತೆಗೆ ಕಲ್ಲು ಕಟ್ಟಿದ, ನೀರು ಹೊಗದಂತೆ ಮೇಣದ ಬಟ್ಟೆ ಸುತ್ತಿದ ಒಂದು ಗಂಟೂ ಬಂತು. ಬಿಚ್ಚಿದರೆ ಬರೀ ಕೈಗಡಿಯಾರ! ಬಲೆಯ ಯಜಮಾನ ವೆಂಕಟ ತಲೆ ಕೆರೆದುಕೊಂಡ. ಹಮ್ಮಜ್ಜಿ ಮಾತ್ರ, "ಎಂತ ನೋಡ್ತ್ರಿ? ಬಲೆಗೆ ಬಂದದ್ದು ಹಗ್ಗ ಹಿಡ್ದವ್ರದ್ದು" ಎಂದಳು. ಆತು, ಮೀನಿನ ಹಾಗೆಯೇ ಪಾಲಾಯಿತು, ತಲೆಗೊಂದು. ಗಂಟೆ ನೋಡಲು ಬಾರದ ಹಮ್ಮಜ್ಜಿಯೂ ಕಟ್ಟಿಕೊಂಡೇ ಎರಡು ದಿನ ಮೀನು ಮಾರಿದಳು. ನಕ್ಕು ನಕ್ಕು ಸಾಕಾಯಿತು.

ಬುಧವಾರ ನಿನ್ನ ಸೇಠನ ಕಡೆಯವನೊಬ್ಬ ಬಂದ. ಬಿಳಿ ಪ್ಯಾಂಟು, ಬಾಯಲ್ಲಿ ಪಾನು, ಮರ್ಯಾದೆಯ ಮಾತು. ಕಸ್ಟಮಿನವರ ಕಣ್ಣು ತಪ್ಪಿಸಿ ಗಂಟು ಮುಳುಗಿಸಿಡುವ ಜಾಗ ಅಲ್ಲಿಂದಲೇ ಹೇಳಿಕೊಟ್ಟವನು ನೀನೇ ಎಂದು ಅವನಿಂದಲೇ ತಿಳಿಯಿತು. ಹಡಗುಕಟ್ಟೆಯಲ್ಲಿ ಗೋದಿ ಕೆಲಸ ಎಂದು ನೀನು ಬರೆಯುತ್ತಿದ್ದುದು ಇದೇ ಇರಬೇಕು. ಅಲ್ಲ ಮಾರಾಯ, ಬಂಗಡೆ ಕಾಲದಲ್ಲಿ ಅಲ್ಲಿ ರಂಪಣಿ ಬಿಡುತ್ತಾರೆಂಬುದು ಮರೆತೇಹೋಯಿತೇ? ಕಳ್ಳಸಾಗಣೆಗಿಂತ ನನಗೆ ಅದಕ್ಕೇ ಹೆಚ್ಚು ನಾಚಿಕೆಯಾಯಿತು. ಮಾಲನ್ನು ನೀನೇ ಊರವರಿಂದ ಎತ್ತಿಸಿದ್ದೀ ಎಂದು ಸೇಠನ ಗುಮಾನಿಯಂತೆ. ಬರುವ ಶನಿವಾರ ಒಯ್ಯಲು ಬರುತ್ತಾನೆ. ಒಂದೇ ಒಂದು ಕಡಿಮೆಯಾದರೂ ಕುಪ್ಪನ ಕೈ ಕುಪ್ಪನ ಹತ್ತಿರ ಇರುವುದಿಲ್ಲ ಎಂದು ಹೇಳಿ, ಚಹಾ ಕುಡಿದು ಹೋದ.

ಅಪ್ಪ ಮನೆಮನೆಗೆ ಹೋಗಿ ಕೈ ಮುಗಿದ. ಯಾರೂ ಇಲ್ಲವೆನ್ನಲಿಲ್ಲ. ಹಮ್ಮಜ್ಜಿ ಬಿಚ್ಚಿಕೊಟ್ಟು, "ಹುಡ್ಗ ಬದ್ಕಿರ್ಲಿ, ನಂಗೆಂತಕ್ಕೆ ಗಂಟೆ" ಎಂದಳು. ಅಪ್ಪ ಅಲ್ಲೇ ಅತ್ತುಬಿಟ್ಟ. ನನಗೂ ಸಂಕಟವಾಯಿತು, ಆದರೆ ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದೆ. ಎಲ್ಲ ಈಗ ನಮ್ಮ ಅಕ್ಕಿ ಮಡಕೆಯಲ್ಲಿವೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದ ಇದೆ ಎಂದು ತಿಳಿ. ಅವನು ಬಾಯಿ ಬಿಟ್ಟು ಹೇಳಲಿಲ್ಲ.

ಇತಿ ನಿನ್ನ ಅಕ್ಕ,
ಗಂಗೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಮಡಕೆ ನೋಡಿದೆ. ಕಮಲಿಯ ಪಾಲಿನದು ಅದರಲ್ಲಿಲ್ಲ. ಅವಳೂ ಇಲ್ಲ. ಅದನ್ನು ಕೈಗೆ ಕಟ್ಟಿಕೊಂಡು, ಮಲ್ಪೆಯ ತನ್ನ ಸೋದರಮಾವನ ಮನೆಗೆಂದು ಬೆಳಿಗ್ಗೆ ಭಟ್ಕಳದ ಬಸ್ಸು ಹತ್ತಿದಳಂತೆ. ಪಕ್ಕದ ಮನೆಯ ನಾಗು ಹತ್ತಿರ, "ಒಂದು ಕಮ್ಮಿಯಾದ್ರೆ ಅವ್ರನ್ನ ಕೆಲ್ಸದಿಂದ ತೆಗೀತ್ರು ಅಲ್ದಾ? ತೆಗೀಲಿ. ಮಲ್ಪೆಗೆ ಬರ್ಲಿ" ಎಂದು ಹೇಳಿ ಹೋಗಿದ್ದಾಳೆ. ತಪ್ಪು ಅವಳದಲ್ಲ. ಹೆದರಿಯಾಳೆಂದು ಕೈಯ ಮಾತನ್ನು ನಾವು ಅವಳಿಗೆ ಹೇಳಿರಲೇ ಇಲ್ಲ. ನಿನ್ನ ಕೆಲಸ ಹೋಗುತ್ತದೆ ಎಂದಷ್ಟೇ ಹೇಳಿದ್ದೆ. ಹಿಂದೆ ಹೋಗಿ ತರೋಣವೆಂದರೆ ಆ ಮನೆ ನಿನಗಲ್ಲದೆ ನಮಗೆ ಗೊತ್ತಿಲ್ಲ. ಶನಿವಾರಕ್ಕೆ ಮೊದಲು ಖೋಲಿ ಬಿಡು ಕುಪ್ಪಾ. ಊರಿಗೆ ಬರಬೇಡ, ಮಲ್ಪೆಗೆ ಹೋಗು.