ಸೌಂಶಿಯವರ ಬಾಗಿಲಿನ ಮೇಜು

ಫೆಬ್ರವರಿ ೩೦, ೨೨೧೪
ನಾಲ್ಕನೆಯ ಗಾಳಿಕಂಬ, ಕಪ್ಪತಗುಡ್ಡ

ಹೆಸರು ತಿಳಿಯದ ತಾಯಿಗೆ,

ಮೇಲಿನ ತಾರೀಖನ್ನು ಕಂಡು ನೀವು ನಗಬಹುದು. ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿರಲಿಲ್ಲವೆಂದು ಬಲ್ಲೆ. ನಮ್ಮಲ್ಲಿ ಹನ್ನೆರಡು ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಕಡುಬೇಸಿಗೆಯ ನಡುವೆ ಒಟ್ಟಿಗೆ ಇಟ್ಟು ನೆರಳುದಿನಗಳೆಂದು ಕರೆಯುತ್ತೇವೆ. ಆ ಐದು ದಿನ ಯಾರೂ ಹೊಸ್ತಿಲು ದಾಟುವುದಿಲ್ಲ. ನನ್ನ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ದಿನವೂ ಆಡುವ ಮಾತು ಬೇರೆ, ಹೀಗೆ ಬರೆದು ನನಗೆ ರೂಢಿಯಿಲ್ಲ. ಆದರೆ ಹಿನ್ನೋಲೆಯನ್ನು ಹಳೆಯ ಬರಹದ ಕನ್ನಡದಲ್ಲೇ ಬರೆಯಬೇಕೆಂಬುದು ನಮ್ಮ ಪದ್ಧತಿ. ಹೆತ್ತವಳು ಕೂಸಿಗೆ ಮೂರು ತಿಂಗಳು ತುಂಬುವುದರೊಳಗೆ ಕಳೆದುಹೋದ ಕಾಲದ ಯಾರಾದರೊಬ್ಬರಿಗೆ ಬರೆಯುವ ಪತ್ರವೇ ಹಿನ್ನೋಲೆ. ಅದು ಎಲ್ಲಿಗೂ ಹೋಗುವುದಿಲ್ಲ. ಕಡತಖಾನೆಯ ಕಪಾಟಿನಲ್ಲಿ ಕೂರುತ್ತದೆ. ಹೆಚ್ಚಿನವರು ತಮ್ಮ ಮುತ್ತಜ್ಜಿಯ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡೆ.

ಏಕೆಂದು ಹೇಳುತ್ತೇನೆ. ನಿಮ್ಮ ಕಾಲದ ಬಸುರಿಯರು ಪರಸ್ಪರ ಸಲಹೆ ಕೇಳುತ್ತಿದ್ದ ಪುಟಗಳು ನಮ್ಮ ಕಡತಖಾನೆಯಲ್ಲಿ ಉಳಿದಿವೆ. ನನಗೆ ಏಳು ತಿಂಗಳಾಗಿದ್ದಾಗ ನಿದ್ದೆ ಬಾರದೆ ಅವನ್ನು ಓದುತ್ತಿದ್ದೆ. ಅಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದಿರಿ: "ಮಗುವಿಗೆಂದು ಒಂದು ಕೋಣೆ ಸಿದ್ಧ ಮಾಡುತ್ತಿದ್ದೇವೆ. ಬಟ್ಟೆ ಬದಲಿಸಲು ಪ್ರತ್ಯೇಕ ಮೇಜು ನಿಜವಾಗಿಯೂ ಬೇಕೇ?" ನಿಮಗೆ ನೂರ ನಲವತ್ತು ಜನ ಉತ್ತರ ಬರೆದಿದ್ದರು. ಬೇಕೇ ಬೇಕು ಎಂದವರಿದ್ದರು, ಹಾಸಿಗೆಯೇ ಸಾಕು ಎಂದವರಿದ್ದರು, ಆ ಮೇಜಿನ ಮೇಲೆ ಈಗ ಇಸ್ತ್ರಿ ಮಾಡುತ್ತೇನೆ ಎಂದವಳೂ ಇದ್ದಳು. ನೀವು ಕೊನೆಗೆ ಏನು ಮಾಡಿದಿರೆಂದು ಬರೆಯಲಿಲ್ಲ. ಅದನ್ನು ಹುಡುಕಿ ಹಿಂದೆ ಮುಂದೆ ಬಹಳ ಪುಟ ತಿರುವಿದೆ. ನನಗೂ ಅದೇ ಪ್ರಶ್ನೆ ಇತ್ತು, ಕೇಳಲು ನೂರ ನಲವತ್ತು ಜನರಿರಲಿಲ್ಲ. ಆದ್ದರಿಂದ ನೂರ ನಲವತ್ತೊಂದನೆಯ ಉತ್ತರವನ್ನು ನಾನು ಬರೆಯುತ್ತಿದ್ದೇನೆ. ತಡವಾದದ್ದಕ್ಕೂ ಕ್ಷಮಿಸಿ.

ನನ್ನ ಹೆಸರು ಹುಲಿಗೆವ್ವ. ವಯಸ್ಸು ಮೂವತ್ತನಾಲ್ಕು. ಈ ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ತು ತೆಗೆಯುವ ಎತ್ತರದ ಕಂಬಗಳಿವೆ. ಅವನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ನಾವಿರುವುದು ನೆಲಮನೆಗಳಲ್ಲಿ, ಅಂದರೆ ಅರ್ಧ ಮಣ್ಣಿನೊಳಗೆ ಹುದುಗಿದ, ಕಿಟಕಿಗಳು ಮೊಣಕಾಲೆತ್ತರಕ್ಕೆ ತೆರೆಯುವ ಮನೆಗಳಲ್ಲಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಾವುಗಂಟೆ ಬಾರಿಸುತ್ತದೆ. ಆಮೇಲೆ ಬಿಸಿಲಲ್ಲಿ ನಿಲ್ಲುವಂತಿಲ್ಲ. ಸಂಜೆ ಮತ್ತೆ ಬಾರಿಸಿದಾಗ ಬಾಗಿಲುಗಳು ತೆರೆಯುತ್ತವೆ. ಒಂದು ಕಾಲದಲ್ಲಿ ಇಲ್ಲಿ ಇಪ್ಪತ್ತೆರಡು ಮನೆಗಳಿದ್ದವಂತೆ. ಈಗ ಆರು. ಉಳಿದವರು ತಂಪಿನ ಸೀಮೆಗಳಿಗೆ ಹೋದರು. ನನ್ನ ಮಗಳಿಗಿಂತ ಮೊದಲು ಇಲ್ಲಿ ಕೂಸು ಹುಟ್ಟಿ ಹನ್ನೊಂದು ವರ್ಷವಾಗಿತ್ತು. ಸಂಜೆ ಬಾಗಿಲು ತೆರೆದಾಗ ಕೇಳುವುದು ಗಾಳಿ ಮಾತ್ರ. ನಿಮ್ಮ ಪುಟಗಳಲ್ಲಿ ಒಬ್ಬಳು, ಮೇಲಿನ ಮನೆಯ ಮಕ್ಕಳ ಗದ್ದಲಕ್ಕೆ ತಲೆನೋವು ಬರುತ್ತದೆ ಎಂದು ದೂರಿದ್ದಳು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ನನ್ನ ಗಂಡ ಕಲಕಪ್ಪ. ನನಗೆ ಐದನೆಯ ತಿಂಗಳು ನಡೆಯುತ್ತಿದ್ದಾಗ, ಗುಡ್ಡದ ಕೆಳಗಿನ ಬಯಲಿನಲ್ಲಿ ತಂತಿ ಕಡಿದಿತ್ತು. ಇಳಿದು ಹೋಗುವ ಸರದಿ ಅವನದಲ್ಲ, ಪಕ್ಕದ ಮನೆಯ ಮೈಲಾರಪ್ಪನದು. ಅವನಿಗೆ ಜ್ವರವೆಂದು ಅವನ ತಾಯಿ ಫಕೀರವ್ವ ನಸುಕಿನಲ್ಲಿ ಬಂದು ಹೇಳಿದಳು. ಕಲಕಪ್ಪ ನೀರಿನ ಚೀಲ ಹೆಗಲಿಗೇರಿಸಿಕೊಂಡ. "ಗಂಟಿ ಬಾರಿಸೂದ್ರಾಗ ಬರ್ತೀನಿ, ರೊಟ್ಟಿ ಇಟ್ಟಿರು" ಎಂದ. ಗಂಟೆ ಬಾರಿಸಿತು, ಅವನು ಬರಲಿಲ್ಲ. ಕಾವು ಇಳಿಯುವವರೆಗೆ ಯಾರನ್ನೂ ಕಳಿಸುವಂತಿರಲಿಲ್ಲ. ಸಂಜೆ ಹೋದವರಿಗೆ ಅವನು ಮೂರನೆಯ ತಂತಿಕಂಬದ ಬುಡದಲ್ಲಿ ಸಿಕ್ಕ. ಆ ಕಂಬದ ನೆರಳು ಒಂದು ಗೇಣು ಅಗಲವಂತೆ. ಅದರೊಳಗೆ ಮೈ ಹಿಡಿಸಲೆಂದು ಮಗ್ಗುಲಾಗಿ ಮಲಗಿದ್ದನಂತೆ.

ಆಮೇಲೆ ನಾನು ಆ ಮನೆಯವರೊಂದಿಗೆ ಮಾತು ಬಿಟ್ಟೆ. ಜ್ವರ ಬಂದದ್ದು ಯಾರ ತಪ್ಪೂ ಅಲ್ಲವೆಂದು ಬುದ್ಧಿಗೆ ಗೊತ್ತಿತ್ತು. ಆದರೂ ಮೈಲಾರಪ್ಪ ಕಂಬ ಹತ್ತಿ ಇಳಿಯುವುದನ್ನು ಕಂಡರೆ ಕಿಟಕಿ ಮುಚ್ಚಿಬಿಡುತ್ತಿದ್ದೆ.

ಇನ್ನು ಮೇಜಿನ ಮಾತು. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಕಂಬದಿಂದ ಬಿದ್ದು ಬಲಸೊಂಟ ಮುರಿದುಕೊಂಡಿದ್ದೆ. ಲೋಹದ ಕೀಲು ಹಾಕಿದರು. ನಡೆಯುತ್ತೇನೆ, ಏನನ್ನಾದರೂ ಹಿಡಿದು ನಿಲ್ಲುತ್ತೇನೆ, ಆದರೆ ನೆಲದ ಮೇಲೆ ಕೂರಲಾರೆ. ಕೂತರೆ ಯಾರಾದರೂ ಎತ್ತಬೇಕು. ನಮ್ಮ ಕಡೆ ಕೂಸಿನ ಎಲ್ಲ ಕೆಲಸವೂ ನೆಲದ ಮೇಲೆಯೇ. ಕಾಲು ಚಾಚಿ ಕೂತು, ಕಾಲುಗಳ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತೀಡುತ್ತಾರೆ, ಎರೆಯುತ್ತಾರೆ, ಬಟ್ಟೆ ಕಟ್ಟುತ್ತಾರೆ. ಈ ಗುಡ್ಡದಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಹಾಗೆ ಎರೆದವಳು ಫಕೀರವ್ವ. ನನ್ನ ಮುಂದೆ ಇದ್ದದ್ದು ಎರಡೇ ದಾರಿ: ದಿನವೂ ಅವಳನ್ನು ಕರೆಯುವುದು, ಇಲ್ಲವೇ ನಾನು ನಿಂತೇ ಎಲ್ಲ ಮಾಡಲು ಸೊಂಟದೆತ್ತರದ ಒಂದು ಮೇಜು. ಮೇಜು ಬೇಕೆಂದು ಹೇಳಿದ್ದು ನನ್ನ ಸೊಂಟವೋ ನನ್ನ ಹಟವೋ, ಆಗ ಕೇಳಿಕೊಳ್ಳಲಿಲ್ಲ.

ಮರ ನಮ್ಮಲ್ಲಿ ಅಪರೂಪ. ಖಾಲಿ ಮನೆಗಳ ಬಾಗಿಲು, ಕಿಟಕಿಗಳನ್ನು ಬಿಚ್ಚಿಕೊಳ್ಳಬಹುದು, ಆದರೆ ಎಲ್ಲ ಮನೆಯವರೂ ಒಪ್ಪಬೇಕು. ಸೌಂಶಿಯವರ ಮನೆ ಖಾಲಿಯಾಗಿ ಆರು ವರ್ಷ. ಅದರ ಬಾಗಿಲಿಗಾಗಿ ನಾನು ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದೆ. ಫಕೀರವ್ವನ ಮನೆಗೆ ಕೊನೆಯಲ್ಲಿ ಹೋದೆ. ಅವಳು ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು.

"ಕೂಸಿಗ್ಯಾಕವ್ವಾ ಮೇಜು? ನನ್ನ ಕಾಲು ಇನ್ನೂ ಗಟ್ಟಿ ಅದಾವಲ್ಲ" ಎಂದಳು.

"ನಿಮ್ಮ ಕಾಲು ನನಗ ಬ್ಯಾಡ, ದೊಡ್ಡವ್ವ. ಬಾಗಲಾ ತಗೋಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ಅವಳು ನನ್ನ ಹೊಟ್ಟೆಯನ್ನು ನೋಡಿದಳು. "ತಗೋ" ಎಂದು ಒಳಗೆ ಹೋದಳು. ಅಷ್ಟು ಕಟುವಾಗಿ ನಾನು ಹಿಂದೆಂದೂ ಯಾರೊಂದಿಗೂ ಮಾತಾಡಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಗೆದ್ದವಳಂತೆ ನಡೆದೆ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ, ಗೆದ್ದದ್ದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮೇಜನ್ನು ಎಂಟು ದಿನದಲ್ಲಿ ನಾನೇ ಮಾಡಿದೆ. ಚಿಲಕದ ತೂತುಗಳನ್ನು ಮರದ ಬಿರಟೆಯಿಂದ ಮುಚ್ಚಿದೆ. ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು ಕಟ್ಟಿದೆ. ಮೇಲೆ ಕಲಕಪ್ಪನ ಹಳೆಯ ಕಂಬಳಿ ಮಡಿಸಿ ಹಾಸಿದೆ. ತಿಂಗಳ ಬಳಿಕ ಹೆರಿಗೆಬಂಡಿ ಗುಡ್ಡ ಹತ್ತಿ ಬಂತು. ಅದು ಊರೂರಿಗೆ ಹೋಗಿ ಹೆರಿಗೆ ಮಾಡಿಸುವ ಗಾಡಿ, ನಾಲ್ಕು ದಿನ ನಿಂತು ಹೊರಟುಹೋಗುತ್ತದೆ. ಅದರ ಸೂಲಗಿತ್ತಿ ನುಸ್ರತ್ ಎಂಬವಳು. ಹೆಣ್ಣು ಕೂಸನ್ನು ನನ್ನ ಎದೆಗೆ ಕೊಟ್ಟು, ಕೋಣೆಯನ್ನೆಲ್ಲ ನೋಡಿ, ಮೇಜನ್ನು ತಟ್ಟಿ ಹೇಳಿದಳು: "ಕೆಲಸ ಚಲೋ ಮಾಡೀರಿ ಅಕ್ಕಾ. ಆದ್ರ ಕೂಸಿನ ಮ್ಯಾಲ ಒಂದು ಕೈ ಯಾವಾಗ್ಲೂ ಇರಬೇಕು. ಇನ್ನೊಂದು ಕೈ ಬಟ್ಟಿಗೆ. ನೀವು ನಿಲ್ಲಾಕ ಅಂಚು ಹಿಡೀತೀರಿ, ಅದಕ್ಕ ಯಾವ ಕೈ?" ನಾನು ನಕ್ಕುಬಿಟ್ಟೆ. ಬಂಡಿ ಗುಡ್ಡ ಇಳಿದು ಮರೆಯಾಗುವವರೆಗೆ ಕಿಟಕಿಯಲ್ಲಿ ನೋಡುತ್ತ ನಿಂತಿದ್ದೆ.

ಮಗಳಿಗೆ ತಂದೆಯ ಹೆಸರನ್ನೇ ಇಟ್ಟು ಕಲಕವ್ವ ಎಂದು ಕರೆದೆ. ಐದು ವಾರ ಮೇಜು ನಮ್ಮಿಬ್ಬರನ್ನೂ ಕಾಪಾಡಿತು. ಎಣ್ಣೆ, ಒದ್ದೆ ಬಟ್ಟೆಯಲ್ಲಿ ಒರೆಸುವುದು, ವಾರಕ್ಕೆ ಎರಡು ಸಲ ನಮ್ಮ ಪಾಲಿನ ನೀರನ್ನು ಅಳೆದು ಎರೆಯುವುದು, ಎಲ್ಲವನ್ನೂ ಅದರ ಮೇಲೆಯೇ ಮಾಡಿದೆ. ಯಾರನ್ನೂ ಕರೆಯಲಿಲ್ಲ. ಕೆಲವು ದಿನ ಸಂಜೆಯ ಗಂಟೆಯಾದಾಗ, ಆ ದಿನ ನನ್ನ ಬಾಯಿಂದ ದೊಡ್ಡವರ ಮಾತು ಒಂದೂ ಹೊರಟಿಲ್ಲವೆಂದು ನೆನಪಾಗುತ್ತಿತ್ತು. ಆಗ ಗೋಡೆಗೆ ಹೇಳಿದಂತೆ, "ಗಾಳಿ ಇವತ್ತು ಜೋರೈತಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ನನ್ನ ದನಿ ನನಗೇ ಬೇರೆಯವರದೆನಿಸುತ್ತಿತ್ತು.

ಆರನೆಯ ವಾರದ ಒಂದು ಬೆಳಿಗ್ಗೆ, ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಲಕವ್ವನನ್ನು ಮೇಜಿನ ಮೇಲೆ ಮಲಗಿಸಿ, ಒಂದು ಕೈ ಅವಳ ಎದೆಯ ಮೇಲಿಟ್ಟು, ಗೂಟದಲ್ಲಿದ್ದ ಒಣಬಟ್ಟೆಗೆ ಇನ್ನೊಂದು ಕೈ ಚಾಚಿದೆ. ಅಂಚು ಹಿಡಿಯಲಿಲ್ಲ. ನೆಲದ ಮೇಲೆ ಎಣ್ಣೆ ಚೆಲ್ಲಿತ್ತೋ ಏನೋ, ಸೊಂಟ ಜಾರಿತು. ಬೀಳುವಾಗ ಅವಳ ಮೇಲಿದ್ದ ಕೈಯನ್ನು ಬೇಕೆಂದೇ ಕಿತ್ತುಕೊಂಡೆ, ಎಲ್ಲಿ ಅವಳನ್ನೂ ಎಳೆದುಕೊಂಡು ಬೀಳುತ್ತೇನೋ ಎಂದು. ನೆಲದಲ್ಲಿ ಅಂಗಾತ ಬಿದ್ದೆ. ಏಳಲಾಗಲಿಲ್ಲ. ನನಗೆ ಕಾಣುತ್ತಿದ್ದದ್ದು ಮೇಜಿನ ಅಡಿಭಾಗ ಮಾತ್ರ. ಮೇಲೆ ಅವಳು ಕಿರುಚುತ್ತ ಕಾಲು ಬಡಿಯುತ್ತಿದ್ದಳು. ಹಿಮ್ಮಡಿಯ ಒಂದೊಂದು ಬಡಿತವೂ ಹಲಗೆಯಲ್ಲಿ ಕೇಳುತ್ತಿತ್ತು. ಕಂಬಳಿ ಜರುಗುವ ಸದ್ದು ಕೇಳಿತು. ಅಂಚು ನಾಲ್ಕೇ ಬೆರಳು. ನಾನು ತೋಳುಗಳನ್ನು ಮೇಜಿನ ಬದಿಗೆ ಚಾಚಿ, ಅವಳು ಬಿದ್ದರೆ ನನ್ನ ಮೇಲೆ ಬೀಳಲಿ ಎಂದು ತೆವಳಿ ಮಲಗಿದೆ. ಯಾವ ಬದಿಗೆ ಬೀಳುತ್ತಾಳೆಂದು ಗೊತ್ತಿರಲಿಲ್ಲ. ಆಗ ಕೂಗಿದೆ. ಯಾರ ಹೆಸರು ಕೂಗಿದೆನೆಂದು ಆಮೇಲೆ ಫಕೀರವ್ವನೇ ಹೇಳಿದಳು, ನನಗೆ ನೆನಪಿಲ್ಲ. "ದೊಡ್ಡವ್ವಾ" ಎಂದು ಕೂಗಿದೆನಂತೆ.

ಮೊದಲು ಬಂದವನು ಮೈಲಾರಪ್ಪ. ಕಂಬದಿಂದ ಮರಳುತ್ತಿದ್ದವನು, ಕೈಗವಸು ತೊಟ್ಟೇ ಒಳನುಗ್ಗಿದ. ನನ್ನನ್ನೂ ಕೂಸನ್ನೂ ನೋಡುತ್ತ ಕಲ್ಲಾಗಿ ನಿಂತುಬಿಟ್ಟ.

"ಕೂಸು! ಮೊದಲ ಕೂಸು ಎತ್ತೋ!" ಎಂದೆ.

ಅವನು ಕೈಗವಸು ಕಿತ್ತೆಸೆದು ಅವಳನ್ನು ಎತ್ತಿದ. ಜೀವನದಲ್ಲಿ ಕೂಸನ್ನು ಮುಟ್ಟಿದವನಲ್ಲ. ತುಂಬಿದ ಪಾತ್ರೆ ಹಿಡಿದಂತೆ ಎದುರಿಗೆ ಹಿಡಿದಿದ್ದ. ಅವಳ ಅಳು ತಗ್ಗಿತು. ನಾನು ಇನ್ನೂ ನೆಲದ ಮೇಲಿದ್ದೆ. ಅವನು ನನ್ನತ್ತ ನೋಡದೆ, ಅವಳ ಮುಖವನ್ನೇ ನೋಡುತ್ತ ಹೇಳಿದ:

"ಅವತ್ತ ನನಗ ಜ್ವರ ಇರಲಿಲ್ಲ, ವೈನಿ."

ನಾನು ಮೇಜಿನ ಕಾಲನ್ನು ಹಿಡಿದುಕೊಂಡೆ.

"ಅಂಜಿದ್ದೆ. ಹಿಂದಿನ ಸಲ ಇಳಿದಾಗ ಕಣ್ಣ ಕತ್ತಲಿ ಬಂದಿತ್ತು. ಅವ್ವಗ ಸುಳ್ಳ ಹೇಳಿದೆ. ಅವ್ವಗ ಇವತ್ತಿಗೂ ಗೊತ್ತಿಲ್ಲ."

ಗೊತ್ತಿಲ್ಲ ಎನ್ನುವ ಹೊತ್ತಿಗೆ ಫಕೀರವ್ವ ಬಾಗಿಲಲ್ಲಿ ನಿಂತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಮಗನನ್ನು ಒಮ್ಮೆ ನೋಡಿದಳು. ಬಂದು ನನ್ನ ಕಂಕುಳಲ್ಲಿ ಕೈಹಾಕಿ, ಗೋಡೆಗೆ ಒರಗಿಸಿ ಎತ್ತಿ ನಿಲ್ಲಿಸಿದಳು. ಆಮೇಲೆ ಮಗನ ಕೈಯಿಂದ ಕೂಸನ್ನು ತೆಗೆದುಕೊಂಡು ನೆಲದ ಮೇಲೆ ಕಾಲು ಚಾಚಿ ಕೂತಳು, ಕೂಸನ್ನು ಮೊಣಕಾಲುಗಳ ನಡುವೆ ಮಲಗಿಸಿ, ನಾನು ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಯನ್ನು ಕಟ್ಟಿದಳು. ಅವಳ ಕಣ್ಣೀರು ಕೂಸಿನ ಹೊಟ್ಟೆಯ ಮೇಲೆ ಬೀಳುತ್ತಿತ್ತು, ಅವಳು ಅದನ್ನು ಎಣ್ಣೆಯೊಂದಿಗೆ ತೀಡುತ್ತಿದ್ದಳು. ಮೈಲಾರಪ್ಪ ಹೊರಗೆ ಹೋದ. ಕಾವುಗಂಟೆ ಬಾರಿಸಿತು.

ಅಂದಿನಿಂದ ಫಕೀರವ್ವ ದಿನವೂ ಬಂದಳು. ನಾನು ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೇಜನ್ನು ಒಡೆದು ಕಪಾಟು ಮಾಡಲೇ ಎಂದು ಒಮ್ಮೆ ಕೇಳಿದೆ. "ಇರ್ಲಿ ಬಿಡವ್ವಾ. ನಾ ಎಷ್ಟ ದಿನ ಕುಂದ್ರಾಕಿ?" ಎಂದಳು. ಮಗನ ಬಗ್ಗೆ ಅವಳು ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಬೆಳಗಾದರೆ ತನ್ನ ಪಾಲಿನ ನೀರು ಕಾಯಿಸಿ, ಕೊಡವನ್ನು ನನ್ನ ಬಾಗಿಲಾಚೆ ಇಟ್ಟು ಹೋಗುತ್ತಿದ್ದ. ಕಲಕಪ್ಪನ ಸಾವು ಮೊದಲು ಒಂದು ದುರದೃಷ್ಟವಾಗಿತ್ತು. ಈಗ ಅದಕ್ಕೆ ಒಂದು ಮುಖವಿತ್ತು, ಆ ಮುಖ ಮೂವತ್ತು ಹೆಜ್ಜೆಯಾಚೆ ವಾಸವಾಗಿತ್ತು. ಅಂಜಿಕೆ ನನಗೂ ಗೊತ್ತು, ಬಿದ್ದ ಮೇಲೆ ನಾನು ಮತ್ತೆ ಕಂಬದ ಬುಡಕ್ಕೆ ಹೋಗಲು ಎರಡು ವರ್ಷ ಬೇಕಾಯಿತು. ಅದರಿಂದ ಸಿಟ್ಟು ಇಳಿಯಲಿಲ್ಲ. ಸಿಟ್ಟಿನ ಜೊತೆಗೆ ಇನ್ನೇನೋ ಬಂದು ಕೂತಿತು, ಅಷ್ಟೇ.

ಇವತ್ತು ಫಕೀರವ್ವನಿಗೆ ಕೆಮ್ಮು, ಬರಲಿಲ್ಲ. ಕೂಸು ಬಟ್ಟೆ ಹಸಿ ಮಾಡಿಕೊಂಡು ಅಳುತ್ತಿತ್ತು. ಬಾಗಿಲಾಚೆ ಕೊಡ ಇಡುವ ಸದ್ದಾಯಿತು. ಹೆಜ್ಜೆಗಳು ಹಿಂದಿರುಗುವುದನ್ನು ಕೇಳಿದೆ. ಆರೇಳು ಹೆಜ್ಜೆ ಹೋಗಿದ್ದವೇನೋ.

"ಮೈಲಾರಪ್ಪಾ, ಒಳಗ ಬಾ" ಎಂದೆ.

ಅವನು ಪಾದರಕ್ಷೆ ಬಿಟ್ಟು, ಕೈ ತೊಳೆದು ಬಂದು ದೂರ ನಿಂತ. ಕೂಸನ್ನು ಮೇಜಿನ ಮೇಲೆ ಮಲಗಿಸಿದೆ. "ಇಲ್ಲಿ ಇಡು ಕೈ, ಎದಿ ಮ್ಯಾಲ. ಒತ್ತಬ್ಯಾಡ" ಎಂದೆ. ಇಟ್ಟ. ಬೆರಳ ತುದಿಗಳಷ್ಟೇ ಅವಳಿಗೆ ತಗಲಿದ್ದವು. ನಾನು ಎಡಗೈಯಲ್ಲಿ ಅಂಚು ಹಿಡಿದು ಬಲಗೈಯಲ್ಲಿ ಒರೆಸಿದೆ, ಬಟ್ಟೆ ಬದಲಿಸಿದೆ. ಆ ಮೇಜನ್ನು ನಾನು ಒಬ್ಬಳ ಅಳತೆಗೆ ಮಾಡಿದ್ದೆ. ಇಬ್ಬರು ನಿಂತರೆ ಮೊಣಕೈಗೆ ಮೊಣಕೈ ತಗಲುತ್ತಿತ್ತು. ಅವನು ಸರಿದು ಜಾಗ ಬಿಡಲು ಹೋದ. ಸರಿಯಬೇಡ ಎಂದೆ. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತಿತ್ತು. ನಾಳೆ ಹೇಳುತ್ತೇನೋ, ಎಂದಿಗೂ ಇಲ್ಲವೋ ತಿಳಿಯದು. ಆದರೆ ಕೆಲಸ ಮುಗಿಯುವ ಹೊತ್ತಿಗೆ ಅವನ ಅಂಗೈ ಪೂರ್ತಿ ಅವಳ ಎದೆಯ ಮೇಲಿತ್ತು, ಕಲಕವ್ವ ಅವನ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು, ಅವಳು ಬಿಡುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು.

ಹೆಸರು ತಿಳಿಯದ ತಾಯೀ, ನೀವು ಕೇಳಿದ ಪ್ರಶ್ನೆ ಸಣ್ಣದಲ್ಲ. ನಿಮ್ಮ ಮೈಯನ್ನು ಕೇಳಿ ತೀರ್ಮಾನಿಸಿ. ಮೇಜು ಬೇಡವೆನಿಸಿದರೆ ನೆಲವಿದೆ. ಬೇಕೆನಿಸಿದರೆ ಸಂಕೋಚವಿಲ್ಲದೆ ಮಾಡಿಸಿ. ಮಾಡಿಸುವುದಾದರೆ ಒಂದೇ ಬೇಡಿಕೆ: ಇಬ್ಬರು ಅಕ್ಕಪಕ್ಕ ನಿಲ್ಲುವಷ್ಟು ಉದ್ದವಿರಲಿ. ಆ ಇನ್ನೊಬ್ಬರು ಯಾರೆಂದು ಈಗಲೇ ಗೊತ್ತಿರಬೇಕಾಗಿಲ್ಲ.

ಹುಲಿಗೆವ್ವ