ಕಪ್ಪು ಕನ್ನಡಕ ಕೊಡಿಸಿದವನು ನಾನು

ಬೀಗಿತ್ತಿಯವರಿಗೆ ನಮಸ್ಕಾರ.

“ಸೊಸೆ ಬೆಳಿಗ್ಗೆ ಸಿನಿಮಾದವಳ ಥರ ಕಪ್ಪು ಕನ್ನಡಕ ಹಾಕ್ಕೊಂಡು ಬರ್ತಾಳೆ, ಬಂದವಳೇ ಬಿದ್ಕೋತಾಳೆ” ಎಂದು ನೀವು ಅಂದದ್ದನ್ನು ನಿಮ್ಮ ಯಜಮಾನರು ನಗುತ್ತಾ ಹೇಳಿದರು. ಆ ಕನ್ನಡಕ ಕೊಡಿಸಿದವನು ನಾನು. ಬೈಗುಳವನ್ನು ಈ ಕಡೆ ಕಳಿಸಿ.

ಸಂಜೆಯಾದ ಮೇಲೂ ಶೆಡ್ಡಿನಲ್ಲಿ ದೀಪ ಉರಿಸಿದರೆ ನನ್ನ ಕೋಳಿಗಳು ಹಗಲು ಇನ್ನೂ ಮುಗಿದಿಲ್ಲವೆಂದು ನಂಬಿ ಹೆಚ್ಚು ಮೊಟ್ಟೆ ಇಡುತ್ತವೆ. ಬೆಳಕು ತೋರಿಸಿ ದೇಹಕ್ಕೆ ಟೋಪಿ ಹಾಕಿಯೇ ಮನೆ ಕಟ್ಟಿದವನು ನಾನು. ಮನುಷ್ಯರ ದೇಹವೂ ಅಷ್ಟೇ ಪೆದ್ದು. ರಾತ್ರಿಯಿಡೀ ರೋಗಿಗಳನ್ನು ನೋಡಿಕೊಂಡು ಬಂದ ನರ್ಸಿನ ಕಣ್ಣಿಗೆ ಬೆಳಗಿನ ಬಿಸಿಲು ಬಿದ್ದರೆ ನಿದ್ದೆ ಹಾರಿಹೋಗುತ್ತದೆ. ನೀವು ಅವಳ ಕೋಣೆಯ ಕಿಟಕಿ ತೆರೆದಿಟ್ಟರೂ ಅದೇ ಕಥೆ.

ಪತ್ರದ ಜೊತೆ ದಪ್ಪ ಪರದೆ ಕಳಿಸಿದ್ದೇನೆ, ಹಾಕಿಸಿ. ಯಾರಾದರೂ ಕೇಳಿದರೆ ಬೀಗರ ಹುಚ್ಚು ಅನ್ನಿ, ನನಗೇನೂ ಬೇಜಾರಿಲ್ಲ.

ಮಗಳು ನಿಮ್ಮ ಮೇಲೆ ಚಾಡಿ ಹೇಳಿಲ್ಲ. ಮೊನ್ನೆ ಸಂಜೆ ಕೆಲಸಕ್ಕೆ ಹೊರಡುವ ಮುಂಚೆ ಫೋನಿನಲ್ಲಿ “ಚೆನ್ನಾಗಿದೀನಪ್ಪಾ” ಅನ್ನುತ್ತಲೇ ತೂಕಡಿಸಿಬಿಟ್ಟಳು. ಇಂಜೆಕ್ಷನ್ ಕೊಡುವ ಕೈ ಅದು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಅವಳು ಮಲಗಿದ್ದರೆ ದಯವಿಟ್ಟು ಎಬ್ಬಿಸಬೇಡಿ. ಬಾಗಿಲಿಂದಲೇ ನೋಡಿಕೊಂಡು ಹೊರಡುತ್ತೇನೆ.

ಇಂತಿ,
ನಿಮ್ಮ ಬೀಗ